ರೀಡರ್ ಎಂಬ ಹುದ್ದೆ ಹುಟ್ಟಿದ ಮನೆ

ಮೂಟ್ ಕೋರ್ಟ್ (ಊಹೆಯ ಕೇಸಿನ ಮೇಲೆ ವಿದ್ಯಾರ್ಥಿಗಳು ವಾದಿಸುವ ಅಣಕು ನ್ಯಾಯಾಲಯ) ಸ್ಪರ್ಧೆಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ವಿದ್ಯಾರ್ಥಿಗಳಿಗೆ ಒಂದು ವಿಷಯ ಹೇಳುತ್ತೇನೆ. ಈ ಅಭ್ಯಾಸ ಶುರುವಾಗಿದ್ದು ಕಾಲೇಜಿನಲ್ಲಲ್ಲ, ವಕೀಲರು ಒಟ್ಟಿಗೆ ಕೂತು ಉಣ್ಣುತ್ತಿದ್ದ ಹಾಲ್‌ಗಳಲ್ಲಿ.

ಲಂಡನ್ನಿನಲ್ಲಿ ಇವತ್ತಿಗೂ ವಕೀಲರ ನಾಲ್ಕು 'ಇನ್'ಗಳು, ಅಂದರೆ ಬ್ಯಾರಿಸ್ಟರ್ ವಕೀಲರ ಸಂಘಗಳು, ಇವೆ: ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್. ಹಿಂದೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ರೋಮನ್ ಕಾನೂನು, ಚರ್ಚ್ ಕಾನೂನು ಮಾತ್ರ ಕಲಿಸುತ್ತಿದ್ದರು. ರಾಜನ ಕೋರ್ಟುಗಳಲ್ಲಿ ನಡೆಯುತ್ತಿದ್ದ ಕಾಮನ್ ಲಾ ಬೇಕೆಂದರೆ ಇನ್‌ಗಳಿಗೇ ಬರಬೇಕಿತ್ತು. ಅಲ್ಲಿ ಪಾಠ ಹೇಳುವವರೇ 'ರೀಡರ್'. ಸಂಬಳದ ಮೇಷ್ಟ್ರಲ್ಲ, ಕೋರ್ಟಿನಲ್ಲಿ ಕೇಸು ನಡೆಸುತ್ತಿದ್ದ ಸೀನಿಯರ್ ವಕೀಲರು. ವರ್ಷಕ್ಕೆ ಎರಡು ಸಲ, ಲೆಂಟ್‌ನಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಮತ್ತು ಬೇಸಿಗೆಯಲ್ಲಿ, ಒಂದು ಶಾಸನ ಹಿಡಿದು ಪದ ಪದವನ್ನೂ ಬಿಡಿಸುತ್ತಿದ್ದರು. ಜತೆಗೆ ಊಹೆಯ ಕೇಸುಗಳು. ಎದುರು ಕೂತ ಹಿರಿಯರು, ಕೆಲವೊಮ್ಮೆ ಜಡ್ಜ್‌ಗಳೂ, ಅಲ್ಲೇ ವಾದಕ್ಕಿಳಿಯುತ್ತಿದ್ದರು.

1592ರಲ್ಲಿ, ಮುಂದೆ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರಾದ ಎಡ್ವರ್ಡ್ ಕೋಕ್ ಇನ್ನರ್ ಟೆಂಪಲ್‌ನಲ್ಲಿ 'ಸ್ಟ್ಯಾಚ್ಯೂಟ್ ಆಫ್ ಯೂಸಸ್' ಎಂಬ ಜಮೀನಿನ ಹಕ್ಕಿನ ಶಾಸನದ ಬಗ್ಗೆ ಪಾಠ ಶುರು ಮಾಡಿದರು. ಪ್ಲೇಗ್ ಬಂದು ಅರ್ಧಕ್ಕೇ ನಿಂತಿತು. 1600ರಲ್ಲಿ ಗ್ರೇಸ್ ಇನ್‌ನಲ್ಲಿ ಅದೇ ಶಾಸನ ಹಿಡಿದವರು ತತ್ತ್ವಜ್ಞಾನಿ ಎಂದೂ ಹೆಸರಾದ ವಕೀಲ ಫ್ರಾನ್ಸಿಸ್ ಬೇಕನ್, ಕೋಕ್‌ರ ಎದುರಾಳಿ. ಇಂಥವರು ಕಿರಿಯರಿಗೆ ಪಾಠ ಹೇಳುತ್ತಿದ್ದರು ಅಂದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಈ ಪದ್ಧತಿ ಕೆಟ್ಟಿದ್ದು ಊಟದಿಂದ. ರೀಡರ್ ಆದವರು ಎಲ್ಲರಿಗೂ ಔತಣ ಹಾಕಿಸಬೇಕಿತ್ತು. ಖರ್ಚು ಜಾಸ್ತಿಯಾಗಿ ಜನ ದಂಡ ಕಟ್ಟಿ ತಪ್ಪಿಸಿಕೊಳ್ಳತೊಡಗಿದರು. 1642ರ ಅಂತರ್ಯುದ್ಧದಲ್ಲಿ ಪಾಠ ನಿಂತಿತು. ಮತ್ತೆ ಶುರುವಾದರೂ ಆ ಶತಮಾನ ದಾಟಲಿಲ್ಲ. ಆಮೇಲೆ ವಿದ್ಯಾರ್ಥಿಗಳು ಇನ್‌ನಲ್ಲಿ ಇಷ್ಟು ಸಲ ಅಂತ ಗೊತ್ತುಮಾಡಿದಷ್ಟು ಊಟ ಮಾಡಿದರೆ ಸಾಕು, ವಕೀಲರಾಗಬಹುದಿತ್ತು. ಕಲಿಕೆ ಅವರವರ ಪಾಡು.

1758ರಲ್ಲಿ ವಿಲಿಯಂ ಬ್ಲ್ಯಾಕ್‌ಸ್ಟೋನ್ ಆಕ್ಸ್‌ಫರ್ಡ್‌ನ ಮೊದಲ ವೈನೇರಿಯನ್ ಪ್ರೊಫೆಸರ್, ಅಂದರೆ ಇಂಗ್ಲಿಷ್ ಕಾನೂನಿನ ಪ್ರಾಧ್ಯಾಪಕ, ಆದರು. ದೊಡ್ಡ ಹೆಜ್ಜೆಯೇ. ಆದರೆ ಕಸುಬು ಕಲಿಸುವ ಜಾಗ ಅದಾಗಲಿಲ್ಲ. ಇನ್‌ಗಳು ಒಟ್ಟಾಗಿ ಮತ್ತೆ ರೀಡರ್‌ಗಳನ್ನು ನೇಮಿಸಿದ್ದು 1852ರಲ್ಲಿ, ಕೌನ್ಸಿಲ್ ಆಫ್ ಲೀಗಲ್ ಎಜುಕೇಶನ್ ಮೂಲಕ.

ನಮ್ಮ ವಿಶ್ವವಿದ್ಯಾಲಯಗಳಲ್ಲೂ ಮೊನ್ನೆ ಮೊನ್ನೆಯವರೆಗೆ ರೀಡರ್ ಹುದ್ದೆ ಇತ್ತು, ಅಲ್ವಾ? ಈಗ ಅದು ಅಸೋಸಿಯೇಟ್ ಪ್ರೊಫೆಸರ್. ನನಗೆ ರೀಡರ್ ಅಂದರೆ ನೆನಪಾಗುವುದು ನನ್ನ ಸೀನಿಯರ್. ಸಂಜೆ ಫೈಲ್ ಮುಚ್ಚುವ ಮುಂಚೆ ಸೆಕ್ಷನ್ ತೆರೆದಿಟ್ಟು ಕೇಳುತ್ತಿದ್ದರು: "ಈ ಪದ ಇಲ್ಲಿ ಯಾಕಿದೆ, ಹೇಳು."