ಪರಿಸರ ನೀತಿಯಲ್ಲಿ ಸ್ನಾತಕೋತ್ತರ ಪದವಿ: ಕೋರ್ಸ್ ಆರಿಸುವುದು ಹೇಗೆ?

ಪ್ರಶ್ನೆ: ನಾನು ವಿಜ್ಞಾನ ಪದವೀಧರೆ. ಪರಿಸರ ನೀತಿಯನ್ನು ಮುಂದೆ ಓದಬೇಕೆಂದಿದ್ದೇನೆ. ಆದರೆ ಪರಿಸರ ನಿರ್ವಹಣೆ, ಪರಿಸರ ವಿಜ್ಞಾನ, ಸಾರ್ವಜನಿಕ ಆಡಳಿತ ಎಂದು ನಾನಾ ಹೆಸರಿನ ಪದವಿಗಳಿವೆ. ರ‍್ಯಾಂಕಿಂಗ್ ನೋಡಿ ನಿರ್ಧರಿಸಬಹುದೇ?

ಉತ್ತರ: ರ‍್ಯಾಂಕಿಂಗ್ ಪಟ್ಟಿಗಳು ಹೆಚ್ಚಾಗಿ ಇಡೀ ವಿಶ್ವವಿದ್ಯಾಲಯವನ್ನೋ ವಿಭಾಗವನ್ನೋ ಅಳೆಯುತ್ತವೆಯೇ ಹೊರತು, ಎರಡು ವರ್ಷ ನಿಮ್ಮನ್ನು ಯಾವ ಕೆಲಸಕ್ಕೆ ಪಳಗಿಸುತ್ತಾರೆ ಎಂಬುದನ್ನು ಹೇಳುವುದಿಲ್ಲ. ಅದು ತಿಳಿಯುವುದು ಕಡ್ಡಾಯ ವಿಷಯಗಳ ಪಟ್ಟಿಯಿಂದ. ಐಚ್ಛಿಕ ವಿಷಯಗಳ ಪಟ್ಟಿ ಎಲ್ಲ ಕಡೆಯೂ ಉದ್ದವಾಗಿ, ಆಕರ್ಷಕವಾಗಿಯೇ ಇರುತ್ತದೆ. ಅವುಗಳಲ್ಲಿ ಎಷ್ಟೋ ವಿಷಯಗಳನ್ನು ಪ್ರತಿ ವರ್ಷ ಕಲಿಸುವುದೂ ಇಲ್ಲ.

ಕಡ್ಡಾಯ ವಿಷಯಗಳ ಪಟ್ಟಿಯಲ್ಲಿ ಏನಿರಬೇಕು ಎಂಬುದಕ್ಕೆ 1990ರಲ್ಲಿ ಅಮೆರಿಕ ತನ್ನ ವಾಯುಮಾಲಿನ್ಯ ಕಾಯ್ದೆಗೆ ತಂದ ತಿದ್ದುಪಡಿಯನ್ನು ನೋಡಬಹುದು. ಆಮ್ಲಮಳೆಗೆ ಕಾರಣವಾಗುತ್ತಿದ್ದ ಸಲ್ಫರ್ ಡೈಆಕ್ಸೈಡನ್ನು ತಗ್ಗಿಸಲು, ವಿದ್ಯುತ್ ಸ್ಥಾವರಗಳು ಹೊರಬಿಡುವ ಒಟ್ಟು ಪ್ರಮಾಣಕ್ಕೆ ಮಿತಿ ಹಾಕಿ, ಟನ್ನಿಗೊಂದರಂತೆ ಪರವಾನಗಿ ಹಂಚಿ, ಅವುಗಳನ್ನು ಕೊಳ್ಳುವ ಮತ್ತು ಮಾರುವ ಅವಕಾಶವನ್ನು ಕೊಡಲಾಯಿತು. 1995ರಲ್ಲಿ ಮೊದಲ ಹಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಹೊಗೆಕೊಳವೆಗಳಲ್ಲೇ ಮಾಪಕಗಳನ್ನು ಕೂರಿಸಿ ಎಡೆಬಿಡದೆ ಲೆಕ್ಕ ಇಡಬೇಕಿತ್ತು. ಪರವಾನಗಿ ಮೀರಿದ ಪ್ರತಿ ಟನ್ನಿಗೂ ದಂಡ ತೆರಬೇಕಿತ್ತು. ಗಂಧಕ ಗಾಳಿಯಲ್ಲಿ ಆಮ್ಲವಾಗುವ ಬಗೆಯನ್ನು ರಸಾಯನಶಾಸ್ತ್ರ ಹೇಳುತ್ತದೆ. ಕಡಿಮೆ ಖರ್ಚಿನಲ್ಲಿ ತಗ್ಗಿಸಬಲ್ಲ ಸ್ಥಾವರವೇ ಹೆಚ್ಚು ತಗ್ಗಿಸುವಂತೆ ಮಾಡುವ ಉಪಾಯ ಅರ್ಥಶಾಸ್ತ್ರದ್ದು. ಮಾಪಕ, ವರದಿ, ದಂಡಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ್ದು ಕಾನೂನು. ಈ ಮೂರರ ಜೊತೆಗೆ ಸಂಖ್ಯಾಶಾಸ್ತ್ರವೂ ಕಡ್ಡಾಯವಾಗಿರುವ ಕೋರ್ಸನ್ನು ನಾನು ಕಣ್ಣುಮುಚ್ಚಿ ಮೇಲಿಡುತ್ತೇನೆ, ಏಕೆಂದರೆ ಒಂದು ನೀತಿಯಿಂದ ಮಾಲಿನ್ಯ ನಿಜಕ್ಕೂ ಇಳಿಯಿತೋ ಅಥವಾ ಬೇರೆ ಕಾರಣಕ್ಕೆ ಇಳಿಯಿತೋ ಎಂದು ತೂಗಿ ನೋಡಲಾಗದವರು ನೀತಿಯ ಬಗ್ಗೆ ಅಭಿಪ್ರಾಯ ಹೇಳಬಲ್ಲರೇ ಹೊರತು ಸಲಹೆ ನೀಡಲಾರರು.

ನೀವು ವಿಜ್ಞಾನದ ಹಿನ್ನೆಲೆಯವರಾದ್ದರಿಂದ ನಿಮಗೆ ಕೊರತೆ ಇರುವುದು ಅರ್ಥಶಾಸ್ತ್ರ ಮತ್ತು ಕಾನೂನಿನಲ್ಲಿ. ವಿಜ್ಞಾನವನ್ನೇ ಮತ್ತೊಮ್ಮೆ ಮೊದಲಿನಿಂದ ಕಲಿಸುವ ಕೋರ್ಸಿನಲ್ಲಿ ಸಮಯ ಕಳೆಯಬೇಡಿ. ಉದಾಹರಣೆಗೆ, ಕೊಲಂಬಿಯಾ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ಮತ್ತು ನೀತಿಯ ಸಾರ್ವಜನಿಕ ಆಡಳಿತ ಪದವಿ ಬೇಸಿಗೆಯ ವಿಜ್ಞಾನ ಪಾಠಗಳಿಂದಲೇ ಆರಂಭವಾಗುತ್ತದೆ. ಸಮಾಜವಿಜ್ಞಾನ ಓದಿ ಬಂದವರಿಗೆ ಅದು ವರದಾನ. ನಿಮಗೆ ಅದರ ಅಗತ್ಯ ಅಷ್ಟಿಲ್ಲದಿರಬಹುದು.

ಪದವಿಯ ಹೆಸರಿಗಿಂತ ಅದರ ಉದ್ದೇಶ ಮುಖ್ಯ. 1900ರಲ್ಲಿ ಅರಣ್ಯಶಾಸ್ತ್ರದ ಶಾಲೆಯಾಗಿ ಹುಟ್ಟಿದ ಯೇಲ್‌ನ ಪರಿಸರ ಶಾಲೆಯಲ್ಲೇ ಪರಿಸರ ನಿರ್ವಹಣೆಯ ಪದವಿ ವೃತ್ತಿಗೆ ಸಿದ್ಧಪಡಿಸಿದರೆ, ಪರಿಸರ ವಿಜ್ಞಾನದ ಪದವಿ ಸಂಶೋಧನೆಗೆ ಸಿದ್ಧಪಡಿಸುತ್ತದೆ. ಸರ್ಕಾರಿ ಇಲಾಖೆ, ಸ್ವಯಂಸೇವಾ ಸಂಸ್ಥೆ ಅಥವಾ ಉದ್ಯಮದಲ್ಲಿ ಕೆಲಸ ಮಾಡುವ ಆಸೆಯಿದ್ದರೆ ಮೊದಲ ಬಗೆಯದು ಸೂಕ್ತ, ಮುಂದೆ ಪಿಎಚ್‌.ಡಿ. ಮಾಡುವ ಮನಸ್ಸಿದ್ದರೆ ಎರಡನೆಯದು. ಸಂಶೋಧನೆಯ ದಾರಿ ಹಿಡಿಯುವವರು ಸಂಸ್ಥೆಗಿಂತ ಮೊದಲು ಮಾರ್ಗದರ್ಶಕರನ್ನು ಹುಡುಕಬೇಕು: ಅವರ ಇತ್ತೀಚಿನ ಪ್ರಬಂಧಗಳನ್ನು ಓದಿ, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅರ್ಜಿ ಹಾಕುವ ಮೊದಲೇ ಬರೆದು ಕೇಳಬೇಕು. ಶುಲ್ಕದ ವಿಚಾರದಲ್ಲೂ ಇವೆರಡಕ್ಕೆ ವ್ಯತ್ಯಾಸವಿದೆ. ವೃತ್ತಿಪರ ಪದವಿಗಳಿಗೆ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಕಡಿಮೆ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನೂ ವಿಚಾರಿಸಿ. ನಿಜವಾದ ಇಲಾಖೆಯೋ ಸಂಸ್ಥೆಯೋ ಒಡ್ಡಿದ ಸಮಸ್ಯೆಯ ಮೇಲೆ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆಯೇ, ಅವರ ವರದಿಯನ್ನು ಅಲ್ಲಿ ಯಾರಾದರೂ ಓದುತ್ತಾರೆಯೇ ಎಂದು ಕೇಳಿ. ಇದಕ್ಕೆ ಪ್ರವೇಶ ಕಚೇರಿಯ ಉತ್ತರವೊಂದೇ ಸಾಲದು. ಇತ್ತೀಚೆಗೆ ಓದು ಮುಗಿಸಿದ ಇಬ್ಬರು ಮೂವರನ್ನು ಸಂಪರ್ಕಿಸಿ, ಈಗಿನ ಕೆಲಸದಲ್ಲಿ ತರಗತಿಯ ಯಾವ ಪಾಠ ಬಳಕೆಗೆ ಬರುತ್ತಿದೆ, ಯಾವುದನ್ನು ತಾವಾಗಿಯೇ ಕಲಿಯಬೇಕಾಯಿತು ಎಂದು ವಿಚಾರಿಸಿ.