ಪಕಾಸು ಕೊರೆಯುವ ದುಂಬಿ

ಹಂಚಿನ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಗುಡಿಸಿದ ಜಾಗದಲ್ಲೇ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮರದ ಹುಡಿ ಬಿದ್ದಿದ್ದರೆ ತಲೆಯೆತ್ತಿ ನೋಡಿ. ಪಕಾಸಿನ, ಅಂದರೆ ಹಂಚಿನ ಮಾಡನ್ನು ಹೊತ್ತ ಮರದ, ಅಡಿಬದಿಯಲ್ಲಿ ಬೈರಿಗೆಯಿಂದ ಕೊರೆದಂಥ ದುಂಡನೆಯ ತೂತು ಕಾಣುತ್ತದೆ. ಅಗಲ 1 ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದು ಜೇನ್ನೊಣದ ಬಳಗಕ್ಕೇ ಸೇರಿದ, ಕ್ಸೈಲೋಕೋಪ ಕುಲದ ಹೆಣ್ಣು ದುಂಬಿಯ ಕೆಲಸ. ಗೆದ್ದಲಿನಂತೆ ಇದು ಮರ ತಿನ್ನುವುದಿಲ್ಲ. ಒಳಹೊಕ್ಕು, ಮರದ ಎಳೆಯ ಗುಂಟ ತಿರುಗಿ ಸುರಂಗ ತೋಡುತ್ತದೆ. ಕೊನೆಯಲ್ಲಿ ಪರಾಗ, ಮಕರಂದ ಕಲಸಿದ ಮುದ್ದೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಮರದ ಹುಡಿಗೆ ಜೊಲ್ಲು ಬೆರೆಸಿ ಅಡ್ಡಗೋಡೆ ಕಟ್ಟುತ್ತದೆ. ಮತ್ತೆ ಮುದ್ದೆ, ಮತ್ತೆ ಮೊಟ್ಟೆ, ಮತ್ತೆ ಗೋಡೆ. ಕೀಟಲೋಕದ ಅತಿ ದೊಡ್ಡ ಮೊಟ್ಟೆಗಳಲ್ಲಿ ಇವೂ ಸೇರಿವೆ.

ಮುಖದೆದುರೇ ಗುಂಯ್‌ಗುಟ್ಟುತ್ತ ನಿಲ್ಲುವುದು ಸಾಮಾನ್ಯವಾಗಿ ಗಂಡು. ಕೊಂಡಿ ಎಂಬುದು ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಆದದ್ದು. ಹಾಗಾಗಿ ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದೆ, ಆದರೆ ಹಿಡಿದು ಹಿಸುಕದ ಹೊರತು ಚುಚ್ಚುವುದು ಅಪರೂಪ.

ಇಂಥದ್ದರ ಗೂಡಿಗೆ ಸೀಮೆಎಣ್ಣೆ ಹೊಯ್ಯುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಬದನೆ ಹೂವಿನ ಪರಾಗ ಕೇಸರದೊಳಗೆ ಮುಚ್ಚಿಕೊಂಡಿರುತ್ತದೆ. ತುದಿಯ ಸಣ್ಣ ರಂಧ್ರದಿಂದ ಅದು ಉದುರಬೇಕಾದರೆ ಹೂವನ್ನು ಹಿಡಿದು ನಡುಗಿಸಬೇಕು. ನಾವು ಸಾಕುವ ಜೇನ್ನೊಣಕ್ಕೆ ಬಾರದ ಈ ವಿದ್ಯೆ ದುಂಬಿಗೆ ಗೊತ್ತು. ತೊಗರಿ ಹೂವಿಗೂ ಬರುತ್ತದೆ. ಪ್ಯಾಷನ್ ಫ್ರೂಟ್ ಬಳ್ಳಿಯಲ್ಲಿ ಕಾಯಿ ಕಚ್ಚಲು ದುಂಬಿಯ ಅಗಲವಾದ ಬೆನ್ನೇ ಬೇಕು. ಪಶ್ಚಿಮ ಘಟ್ಟದಲ್ಲಂತೂ ಅಮಾವಾಸ್ಯೆಯ ಕತ್ತಲಲ್ಲೂ ಹಾರಿ ಹೂ ಹುಡುಕುವ ಜಾತಿಯೊಂದಿದೆ!

ಹಾಗೆಂದು ಪಕಾಸು ಹಾಳಾಗಲಿ ಎನ್ನಲಾಗದು. ಮೊದಲ ವರ್ಷದ ಸುರಂಗದಿಂದ ಹೆಚ್ಚು ನಷ್ಟವಿಲ್ಲ. ಮುಂದಿನ ಪೀಳಿಗೆ ಅದೇ ತೂತಿಗೆ ಮರಳಿ ಸುರಂಗವನ್ನು ಬೆಳೆಸುತ್ತ ಹೋದಾಗಲೇ ಮರ ಸೊರಗುವುದು. ಆದ್ದರಿಂದ ಹಳೆಯ ತೂತು ಮುಚ್ಚಲೇಬೇಕು, ಆದರೆ ಮರಿಗಳು ಬೆಳೆದು ಹಾರಿಹೋದ ಮೇಲೆ. ಒಳಗಿರುವಾಗಲೇ ಮುಚ್ಚಿದರೆ ದುಂಬಿ ಬೇರೆ ಕಡೆ ಕೊರೆದು ಹೊರಬರುತ್ತದೆ, ಒಂದಿದ್ದ ತೂತು ಎರಡಾಗುತ್ತದೆ. ಗೂಡು ಖಾಲಿಯಾದ ಮೇಲೆ ಮರದ ಬೆಣೆಗೆ ಅಂಟು ಹಚ್ಚಿ ಬಿಗಿದು, ಮೇಲೆ ಬಣ್ಣವನ್ನೋ ವಾರ್ನಿಷನ್ನೋ ಬಳಿಯಿರಿ. ಕರಾವಳಿಯವರಿಗೆ ಗೇರೆಣ್ಣೆ ಇದ್ದೇ ಇದೆ. ದುಂಬಿ ಮೊದಲು ಹುಡುಕುವುದು ಬಣ್ಣವಿಲ್ಲದ ಮೆದು ಮರವನ್ನು.

ಜೊತೆಗೆ ಒಂದು ತುದಿಗೆ ಗಂಟಿದ್ದು ಇನ್ನೊಂದು ತುದಿ ತೆರೆದಿರುವ ಒಣ ಬಿದಿರಿನ ತುಂಡುಗಳನ್ನು ಕಟ್ಟು ಕಟ್ಟಿ, ಕೊಟ್ಟಿಗೆಯ ಸೂರಿನಡಿ ಮಳೆ ತಾಗದ ಕಡೆ ಅಡ್ಡಲಾಗಿ ತೂಗುಹಾಕಿ. ದುಂಬಿಗಳ ಕೆಲವು ಜಾತಿಗಳು ಬಿದಿರಿನಲ್ಲೇ ಗೂಡು ಮಾಡುತ್ತವೆ.