ಎರೆ ಮಣ್ಣಿನಲ್ಲಿ ಶಾಲೆ ಕೈತೋಟ ಆಗಲ್ವಾ? ಕೆಂಪು ಮಣ್ಣು ಎಲ್ಲಿ ಸಿಗುತ್ತೆ?

ಓದುಗರ ಪ್ರಶ್ನೆ: ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳ ಕೈಯಿಂದಲೇ ಕೈತೋಟ ಮಾಡಿಸಬೇಕು ಅಂತಿದ್ದೇವೆ. ಆದರೆ ನಮ್ಮದು ಪೂರಾ ಕಪ್ಪು ಎರೆ ಮಣ್ಣು. ಒಂದೆರಡು ಟ್ರ್ಯಾಕ್ಟರ್ ಕೆಂಪು ಮಣ್ಣು ಹಾಕಿಸಬೇಕು. ಎಲ್ಲಿ ಸಿಗುತ್ತದೆ, ಎಷ್ಟಾಗಬಹುದು?

ಉತ್ತರ: ಕೆಂಪು ಮಣ್ಣು ಬೇಡ. ಆ ದುಡ್ಡಿನಲ್ಲಿ ಒಂದು ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ಹಾಕಿಸಿ, ಮಕ್ಕಳ ಕೈಗೆ ಹಿಡಿಸುವ ಸಣ್ಣ ಕುರ್ಪಿ ತನ್ನಿ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ. ಮಳೆಗಾಲ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ ನವಲಗುಂದದಿಂದ ಬರುತ್ತದೆ, ರೋಣದಿಂದ ಬರುತ್ತದೆ, ಕುಂದಗೋಳದಿಂದ ಬರುತ್ತದೆ. ಕೇಳುವವರಲ್ಲಿ ಹೆಡ್‌ಮಾಸ್ತರರಿದ್ದಾರೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿದ್ದಾರೆ, ಮಕ್ಕಳು ಮೊಬೈಲ್ ಬಿಟ್ಟು ಒಂಚೂರು ಮಣ್ಣಾಡಲಿ ಅನ್ನುವ ತಾಯಂದಿರಿದ್ದಾರೆ. ಬಹಳಷ್ಟು ಜನ ಒಕ್ಕಲುತನದ ಮನೆಯಿಂದ ಬಂದವರೇ. ಇವರನ್ನು ಓದಿಸಿದ್ದೇ ಎರೆ ಹೊಲದ ಜೋಳ, ಹತ್ತಿ, ಕಡಲೆ. ಅವರೇ ಬಂದು "ಎರಿ ಮಣ್ಣಾಗ ಏನೂ ಬರಂಗಿಲ್ಲಲ್ರೀ ಸರ" ಅಂದರೆ ನಾನೇನು ಹೇಳಲಿ?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಕೆಂಪಗಿರಬಹುದು, ಅದನ್ನು ಬೆಳೆಯುವುದು ಹೆಚ್ಚಾಗಿ ಕಪ್ಪು ಮಣ್ಣಿನಲ್ಲಿ. ಅಣ್ಣಿಗೇರಿ-1 ಅನ್ನುವ ಕಡಲೆ ತಳಿಗೆ ಹೆಸರು ಕೊಟ್ಟ ಊರು ನಮ್ಮ ಮಗ್ಗುಲಲ್ಲೇ ಇದೆ. ಅಲ್ಲಿಯ ಹೊಲಗಳ ಬಣ್ಣ ಯಾವುದು ಅಂತ ಗದಗ ಬಸ್ಸಿನ ಕಿಟಕಿಯಿಂದ ನೋಡಿದರೂ ಗೊತ್ತಾಗುತ್ತದೆ. ನವರಾತ್ರಿಯಲ್ಲಿ ಘಟ್ಟ ಹಾಕುವಾಗ ಹೊಲದ ಮಣ್ಣು ತಂದೇ ಕಾಳು ಬಿತ್ತುತ್ತೀರಿ. ಒಂಬತ್ತು ದಿನಕ್ಕೆ ಗೇಣುದ್ದ ಸಸಿ ಬರುತ್ತದೆ. ಆವಾಗ ಯಾರೂ ಕೆಂಪು ಮಣ್ಣು ಕೇಳುವುದಿಲ್ಲ.

ಹಾಗಾದರೆ ಈ ತಪ್ಪು ನಂಬಿಕೆ ಬಂದದ್ದು ಎಲ್ಲಿಂದ? ನನ್ನ ಪ್ರಕಾರ ಎರಡು ಕಡೆಯಿಂದ.

ಒಂದು, ವಿಡಿಯೋಗಳಿಂದ. "ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಗೊಬ್ಬರ" ಅಂತ ಹೇಳಿಕೊಡುತ್ತಾರಲ್ಲ, ಅವರಲ್ಲಿ ಬಹಳಷ್ಟು ಜನ ಬೆಂಗಳೂರು ಕಡೆಯವರು. ಅಲ್ಲಿ ಇರುವುದೇ ಕೆಂಪು ಮಣ್ಣು. ಅವರು ತಮ್ಮ ಮನೆ ಮುಂದಿನ ಮಣ್ಣು ತೆಗೆದುಕೊಳ್ಳಿ ಅಂತ ಹೇಳುತ್ತಿದ್ದಾರೆ, ಅಷ್ಟೇ. ನಾವು ಅದನ್ನು ಔಷಧಿ ಚೀಟಿ ಓದಿದ ಹಾಗೆ ಓದಿಕೊಂಡು ನಮ್ಮ ಮನೆ ಮುಂದಿನ ಮಣ್ಣು ಬಿಟ್ಟು ಬೇರೆ ಕಡೆಯಿಂದ ತರಿಸುತ್ತೇವೆ.

ಎರಡನೆಯದು ಕುಂಡ. ಇಲ್ಲಿ ನಿಮ್ಮ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಎರೆ ಮಣ್ಣಿನಲ್ಲಿ ಜೇಡಿಯ ಪಾಲು ಬಹಳ, ಸುಮಾರು ಅರ್ಧದಷ್ಟು, ಎಷ್ಟೋ ಕಡೆ ಅದಕ್ಕೂ ಜಾಸ್ತಿ. ಜೇಡಿಯ ಕಣ ಒಂದೊಂದೂ 0.002 ಮಿಲಿಮೀಟರಿಗಿಂತ ಸಣ್ಣದು. ನಮ್ಮ ಕಡೆಯ ಜೇಡಿ ಪದರ ಪದರವಾಗಿರುತ್ತದೆ. ಆ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಇದನ್ನೇ ಕುಂಡಕ್ಕೆ ತುಂಬಿ ದಿನಾ ಚೊಂಬುಗಟ್ಟಲೆ ನೀರು ಹಾಕಿದರೆ ಉಬ್ಬಿ ಗಟ್ಟಿಯಾಗುತ್ತದೆ. ಬೇರಿಗೆ ಗಾಳಿ ಆಡುವುದಿಲ್ಲ, ಗಿಡ ಕೊಳೆಯುತ್ತದೆ. ಆಮೇಲೆ ಒಂದು ವಾರ ಮರೆತರೆ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಆ ಸಂದಿಯಿಂದ ಸೀದಾ ತಳಕ್ಕೆ ಹೋಗಿ ತೂತಿನಿಂದ ಹೊರಗೆ ಬರುತ್ತದೆ. ಗಿಡ ಒಣಗುತ್ತದೆ. ಮೊದಲು ಕೊಳೆತು ಸಾಯುವುದು, ಆಮೇಲೆ ಒಣಗಿ ಸಾಯುವುದು, ಎರಡನ್ನೂ ಕಣ್ಣಾರೆ ನೋಡಿದವರು ಮಣ್ಣೇ ಸರಿಯಿಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಕುಂಡಕ್ಕಾದರೆ ಅರ್ಧ ಗೊಬ್ಬರ ಬೆರೆಸಿ, ತಳದ ತೂತು ದೊಡ್ಡದು ಮಾಡಿ, ಬೆರಳಿಟ್ಟು ನೋಡಿ ನೀರು ಹಾಕಿ. ಆದರೆ ಶಾಲೆಗೆ ಅಂಗಳ ಇದೆ ಅಂತೀರಿ. ನೆಲ ಇದ್ದವರಿಗೆ ಕುಂಡದ ರಗಳೆ ಯಾಕೆ?

ಇನ್ನು ಕೆಲವರು "ಹಾಗಾದರೆ ಸ್ವಲ್ಪ ಉಸುಕು ಬೆರೆಸೋಣ" ಅಂತಾರೆ. ಬೇಡ. ಜೇಡಿ ಮಣ್ಣು ಸಡಿಲ ಆಗಬೇಕಾದರೆ ಉಸುಕು ಮಣ್ಣಿನಷ್ಟೇ ಬೇಕಾಗುತ್ತದೆ. ನಾಲ್ಕು ಬುಟ್ಟಿ ಹಾಕಿದರೆ ಒಣಗಿದ ಮೇಲೆ ಇಟ್ಟಂಗಿ ಆಗುತ್ತದೆ, ಅಷ್ಟೇ. ಎರೆಯ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡುವುದು ಇನ್ನೂ ಪೇಚು. ಮೇಲಿನ ಮಣ್ಣಿನಲ್ಲಿ ಸರಸರ ಇಳಿದ ನೀರು ಕೆಳಗೆ ಎರೆ ಮುಟ್ಟಿದ ಕೂಡಲೇ ನಿಲ್ಲುತ್ತದೆ, ಬೇರು ಅಲ್ಲೇ ನೀರಿನಲ್ಲಿ ಕೂರುತ್ತದೆ. ಆ ಟ್ರ್ಯಾಕ್ಟರ್ ಮಣ್ಣು ಬಂದದ್ದಾದರೂ ಎಲ್ಲಿಂದ? ಯಾವುದೋ ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲದ ಮೈ ಕೆತ್ತಿ ತಂದದ್ದು. ಒಂದು ಇಂಚು ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಮಕ್ಕಳಿಗೆ ನಿಸರ್ಗ ಕಲಿಸುತ್ತೇವೆ ಅಂತ ಹೊರಟು ಮೊದಲ ದಿನವೇ ಇದನ್ನು ತೋರಿಸುವುದಾ?

ಹಾಗಂತ ಎರೆಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಬಣ್ಣ ಕಪ್ಪಗಿದೆ ಅಂದ ಮಾತ್ರಕ್ಕೆ ಸತ್ವ ತುಂಬಿದೆ ಅಂತಲ್ಲ. ಅದರಲ್ಲಿ ಸುಣ್ಣ, ಪೊಟ್ಯಾಶ್ ಚೆನ್ನಾಗಿರುತ್ತದೆ. ಸಾರಜನಕ ಕಡಿಮೆ, ಸಾವಯವ ಇಂಗಾಲ ಎಷ್ಟೋ ಹೊಲಗಳಲ್ಲಿ ಶೇಕಡಾ 0.5 ಕೂಡ ಇರುವುದಿಲ್ಲ. ಅದಕ್ಕೇ ತಿಪ್ಪೆ ಗೊಬ್ಬರ ಅಂದದ್ದು. ಗಜ್ಜರಿ, ಮೂಲಂಗಿ ಗಟ್ಟಿ ಎರೆಯಲ್ಲಿ ಎರಡು ಕಾಲು ಬಿಟ್ಟುಕೊಂಡು ಸೊಟ್ಟಗೆ ಬೆಳೆಯುತ್ತವೆ. ಮಕ್ಕಳಿಗೆ ಅದೇ ಖುಷಿ, ಅದು ಬೇರೆ ಮಾತು. ಏರು ಮಡಿ ಮಾಡಿ, ಅಂದರೆ ನೆಲದಿಂದ ಗೇಣೆತ್ತರ, ಎರಡೂ ಕಡೆ ನೀರು ಹರಿದು ಹೋಗಲು ಕಾಲುವೆ. ಪುಂಡಿ, ಮೆಂತ್ಯ, ರಾಜಗಿರಿ, ಬೆಂಡೆ, ಚವಳಿ, ಹೀರೆ ಎಲ್ಲ ಬರುತ್ತವೆ.

ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ ಹದ. ಬಿತ್ತುವುದು ಆಮೇಲೆ. ಹಸಿ ಇದ್ದಾಗ ಎರೆಯನ್ನು ತುಳಿದರೆ, ಅಗೆದರೆ ಮುಂದೆ ಅದು ಕಲ್ಲು. ಪೂರ್ತಿ ಒಣಗಿದರೆ ಗುದ್ದಲಿಯೇ ಮೇಲೆ ಚಿಮ್ಮುತ್ತದೆ. ನಡುವೆ ಸಿಗುವ ಕೆಲವೇ ದಿನ ಹದ. ಮಕ್ಕಳಿಗೆ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಲು ಹೇಳಿ. ಹೆಬ್ಬೆರಳಿನಿಂದ ಒತ್ತಿದಾಗ ಉಂಡೆ ಪುಡಿಯಾಗಿ ಬಿದ್ದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಗೈಗೆ ಮೆತ್ತಿಕೊಂಡರೆ ಇನ್ನೂ ಎರಡು ದಿನ ಕಾಯಿರಿ. ರೊಟ್ಟಿ ಹಿಟ್ಟಿನ ಹದ ನೋಡಿ ಬೆಳೆದ ಹುಡುಗಿಯರು ಇದನ್ನು ಬೇಗ ಹಿಡಿಯುತ್ತಾರೆ. ಹುಡುಗರಿಗೂ ರೊಟ್ಟಿ ಬಡಿಯಲು ಕಲಿಸಿ, ಸಮ ಆಗುತ್ತದೆ.

ಇನ್ನೊಂದು ಪ್ರಯೋಗ, ಖರ್ಚಿಲ್ಲದ್ದು. ಎರಡು ನೀರಿನ ಬಾಟಲಿ ಅರ್ಧಕ್ಕೆ ಕತ್ತರಿಸಿ ಬಾಯಿ ಕೆಳಗೆ ಮಾಡಿ, ಬಾಯಿಗೆ ಬಟ್ಟೆ ಕಟ್ಟಿ. ಒಂದರಲ್ಲಿ ಎರೆ, ಇನ್ನೊಂದರಲ್ಲಿ ಅಷ್ಟೇ ಮಸಾರಿ. ಎರಡಕ್ಕೂ ಒಂದೊಂದು ಲೋಟ ನೀರು. ಕೆಳಗೆ ಎಷ್ಟು ಇಳಿಯಿತು ಅಂತ ಮಕ್ಕಳೇ ಅಳೆಯಲಿ. ಎರೆಯನ್ನು ಮೊದಲು ಪುಡಿ ಮಾಡಿ ಹಾಕಿ, ಹೆಂಟೆ ಹಾಗೇ ಇದ್ದರೆ ನೀರು ಸಂದಿಯಲ್ಲಿ ಓಡಿಬಿಡುತ್ತದೆ. ಮಸಾರಿಯಿಂದ ಬೇಗ ಇಳಿಯುತ್ತದೆ, ಎರೆ ಹಿಡಿದಿಟ್ಟುಕೊಳ್ಳುತ್ತದೆ. ಈಗ ಮಕ್ಕಳನ್ನು ಕೇಳಿ, ನಳಕ್ಕೆ ವಾರಕ್ಕೊಮ್ಮೆ ನೀರು ಬರುವ ಊರಲ್ಲಿ ತೋಟಕ್ಕೆ ಯಾವ ಮಣ್ಣು ಬೇಕು?

ಬೇಸಿಗೆಯಲ್ಲಿ ನೆಲ ಬಿರಿದಾಗ ಆ ಬಿರುಕನ್ನೂ ಪಾಠಕ್ಕೆ ತನ್ನಿ. ಒಂದು ಬಿರುಕಿಗೆ ಗುರುತು ಇಟ್ಟು ವಾರಕ್ಕೊಮ್ಮೆ ಅಗಲ ಅಳೆಯಲಿ, ಕಡ್ಡಿ ಇಳಿಬಿಟ್ಟು ಆಳ ನೋಡಲಿ. ಮೇಲಿನ ಪುಡಿ ಮಣ್ಣು ಒಳಗೆ ಬೀಳುವುದು ಕಾಣುತ್ತದೆ. ಮಳೆ ಬಂದಾಗ ಬಿರುಕು ಮುಚ್ಚುತ್ತದೆ, ಬಿದ್ದದ್ದು ಒಳಗೇ ಉಳಿಯುತ್ತದೆ. ಹೀಗೆ ವರ್ಷ ವರ್ಷ ಈ ಮಣ್ಣು ತನ್ನನ್ನು ತಾನೇ ಮೇಲೆ ಕೆಳಗೆ ಮಾಡಿಕೊಳ್ಳುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಕ್ಕಳಿಗೆ ಕೋಡು ಒಣಗಿ ಬಿರಿಯುವುದು ಯಾಕೆ ಅಂತ ಆಗ ತಾನಾಗೇ ಹೊಳೆಯುತ್ತದೆ.

ಈಗ ಯಾರೂ ಕೇಳದ ಒಂದು ಮಾತು. ಎಲ್ಲ ಶಾಲೆಯವರೂ ಜೂನ್ 5ಕ್ಕೇ ಯಾಕೆ ನೆಡುತ್ತೀರಿ? ಪರಿಸರ ದಿನ, ಫೋಟೋ, ಸರಿ. ಆದರೆ ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದೇ 600 ಮಿಲಿಮೀಟರ್ ಆಸುಪಾಸು, ಜೂನ್ ಮೊದಲ ವಾರದಲ್ಲಿ ಮಳೆ ಇನ್ನೂ ನೆಲೆ ನಿಂತಿರುವುದಿಲ್ಲ. ಸಸಿ ಸತ್ತರೆ ಮಕ್ಕಳು ನೀರು ಹಾಕಲಿಲ್ಲ ಅಂತ ಬೈಗುಳ. ಕೇಂದ್ರ ಸರ್ಕಾರ 2019ರಲ್ಲಿ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಕೊಟ್ಟಿದೆ. ತೋಟದ ತರಕಾರಿ ಬಿಸಿಯೂಟಕ್ಕೆ ಹೋಗಲಿ ಅನ್ನುವುದು ಅದರ ಉದ್ದೇಶ. ಒಂದು ದಿನದ ಫೋಟೋದಿಂದ ಸಾರಿಗೆ ಸೊಪ್ಪು ಬರಲ್ಲ.

ನನ್ನ ಕೇಳಿದರೆ, ಎರೆ ನೆಲದ ಶಾಲೆಗೆ ಹಿಂಗಾರಿಯೇ ಸರಿಯಾದ ಕಾಲ. ದಸರಾ ರಜೆಯ ಆಚೀಚೆ, ಮಳೆ ಬಿಟ್ಟು ಹದ ಬಂದಾಗ ಒಂದು ಮಡಿಯಲ್ಲಿ ಕಡಲೆ ಬಿತ್ತಿಸಿ. ಮಳೆಗಾಲದ ನೀರನ್ನು ಮಣ್ಣು ಹಿಡಿದಿಟ್ಟಿರುತ್ತದೆ. ಆ ತಂಪಿನಲ್ಲೇ ಬೆಳೆ ಬರುತ್ತದೆ, ಶನಿವಾರ ಭಾನುವಾರ ನೀರು ಹಾಕುವವರು ಯಾರು ಅನ್ನುವ ಜಗಳವೇ ಇಲ್ಲ. ಡಿಸೆಂಬರ್‌ನಲ್ಲಿ ಬೆಳಗಿನ ಪ್ರಾರ್ಥನೆಗೆ ಮೊದಲು ಮಕ್ಕಳು ಕಡಲೆ ಸೊಪ್ಪು ಸವರಿ ಬೆರಳು ನೆಕ್ಕಲಿ. ಹುಳಿ. ಎಲೆಯ ಮೇಲಿನ ಸಣ್ಣ ರೋಮಗಳಿಂದ ಆಮ್ಲ ಒಸರುತ್ತದೆ, ಇಬ್ಬನಿಯಲ್ಲಿ ಬೆರೆತಿರುತ್ತದೆ. ಹಿಂದೆ ಬೆಳೆಯ ಮೇಲೆ ಬಟ್ಟೆ ಹಾಸಿ, ಹಿಂಡಿ ಈ ಹುಳಿಯನ್ನು ಕೂಡಿಡುತ್ತಿದ್ದರು. ಅಜ್ಜಿ ಇರುವ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ. ಔಷಧಿ ಹೊಡೆದ ಹೊಲದಲ್ಲಿ ಮಾತ್ರ ನೆಕ್ಕಬೇಡಿ ಅಂತ ಗಟ್ಟಿಯಾಗಿ ಹೇಳಿ.

ಕಾಯಿ ಕೊರೆಯುವ ಹಸಿರು ಹುಳ ಬಂದೇ ಬರುತ್ತದೆ. ಕೈಯಿಂದ ಆರಿಸಿ ಡಬ್ಬಿಯಲ್ಲಿಟ್ಟು ನೋಡಲಿ. ಎರಡು ಕವಲಿನ ಕಡ್ಡಿ ನೆಟ್ಟರೆ ಹಕ್ಕಿಗಳು ಕೂತು ಉಳಿದ ಹುಳ ನೋಡಿಕೊಳ್ಳುತ್ತವೆ. ಸುಗ್ಗಿ ಲೆಕ್ಕ ಇಡಲು ಹೋಗಬೇಡಿ, ಸುಲಗಾಯಿ (ಕಡಲೆಯ ಹಸಿ ಕಾಯಿ) ಆಗುವಷ್ಟರಲ್ಲಿ ಅರ್ಧ ಮಡಿ ಮಕ್ಕಳ ಹೊಟ್ಟೆ ಸೇರಿರುತ್ತದೆ.

ಬೀಜಕ್ಕೆ ಊರಿನ ಒಕ್ಕಲಿಗರನ್ನೇ ಕೇಳಿ, ಒಂದು ಸೇರು ಕೊಡದವರು ಯಾರೂ ಇಲ್ಲ. ಪುಟಾಣಿ (ಹುರಿಗಡಲೆ) ತಂದು ಬಿತ್ತಬೇಡಿ. ನಗಬೇಡಿ, ತಂದ ಮಕ್ಕಳಿದ್ದಾರೆ. ಅಥವಾ ಒಂದು ಸಾಲು ಅದನ್ನೂ ಹಾಕಿಸಿ, ಹುರಿದದ್ದು ಯಾಕೆ ಮೊಳೆಯಲಿಲ್ಲ ಅಂತ ಎಂಟನೇ ದಿನ ಅವರೇ ನಿಮ್ಮನ್ನು ಕೇಳುತ್ತಾರೆ.